ಎಲ್ಲಿಂದ ಶುರು ಮಾಡಬೇಕು ಅಂತ ಕೇಳಬೇಡಿ

ಪ್ರಶ್ನೆ ಇದು: "ನಿಮ್ಮ ಸೈಟು ನೋಡಿದೆ ಮೇಡಂ, ಚೆನ್ನಾಗಿದೆ. ಆದರೆ ಎಲ್ಲಿಂದ ಶುರು ಮಾಡಬೇಕು?"

ಉತ್ತರ ಇದು: ಎಲ್ಲಿಂದಾದರೂ.

ಇಷ್ಟಕ್ಕೇ ಬಿಟ್ಟರೆ ನಾನೂ ಬಚಾವ್, ನೀವೂ ಬಚಾವ್. ಬಿಡುವುದಿಲ್ಲ. "ಅಲ್ಲ, ಮೊದಲು ಯಾವುದು ಓದಬೇಕು ಅಂತ ಕೇಳಿದ್ದು" ಎಂದು ಅದನ್ನೇ ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ ಕೇಳುತ್ತಾರೆ, ನನ್ನ ಕಿವಿಯಲ್ಲೇ ಏನೋ ತೊಂದರೆ ಇರುವ ಹಾಗೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ಬ್ಯಾಂಕಿನ ಕ್ಯೂನಲ್ಲಿ ಕೇಳಿದ್ದಾರೆ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲಿ, ಹಿಂದೆ ಯಾವುದೋ ಸೀರಿಯಲ್ಲಿನ ಸೊಸೆ ಅಳುತ್ತಿರುವಾಗ ಕೇಳಿದ್ದಾರೆ. ಇನ್ನು ಬಾಯಲ್ಲಿ ಹೇಳುವುದಿಲ್ಲ. ಕೇಳಿದವರಿಗೆ ಇದನ್ನು ಕಳಿಸಿ ನನ್ನ ಪಾಡಿಗೆ ನಾನು ಇರುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ನಾನು ಮತ್ತು ಇಬ್ಬರು ಗೆಳತಿಯರು ಸೇರಿ ಕನ್ನಡ ನಾಡಿನ ಹೆಂಗಸರ ಬಗ್ಗೆ ಸಿಕ್ಕಿದ್ದನ್ನೆಲ್ಲ ಒಂದು ವೆಬ್‌ಸೈಟಿನಲ್ಲಿ ಇಡುತ್ತಿದ್ದೇವೆ. ಬರೆದವರು, ಬರೆಸಿದವರು, ಅಚ್ಚು ಹಾಕಿಸಿದವರು, ಕಲ್ಲಿನ ಮೇಲೆ ಬರೀ ಹೆಸರಾಗಿ ಉಳಿದವರು. ಒಂದೊಂದು ಸಂಗತಿಗೆ ಒಂದೊಂದು ಪುಟ. ಪುಟದ ಕೊನೆಯಲ್ಲಿ ಬೇರೆ ಪುಟಗಳಿಗೆ ಕೆಲವು ಕೊಂಡಿ. ವಿಳಾಸ ಟೈಪ್ ಮಾಡಿದರೆ ಯಾವುದೋ ಒಂದು ಪುಟ ತೆರೆಯುತ್ತದೆ, ನಾಳೆ ಬಂದರೆ ಇನ್ನೊಂದು. ಮುಖಪುಟ ಇಲ್ಲ, ಪರಿವಿಡಿ ಇಲ್ಲ, ಇಸವಿಗಳ ಪಟ್ಟಿ ಇಲ್ಲ. ಹುಡುಕುವ ಪೆಟ್ಟಿಗೆ ಇದೆ. ಅಷ್ಟೇ. "ಸೈಟು ಮಾಡಿದೀನಿ" ಅಂದಾಗ ನಮ್ಮ ಚಿಕ್ಕಪ್ಪ "ಯಾವ ಲೇಔಟಲ್ಲಮ್ಮ? ಥರ್ಟಿ ಫಾರ್ಟೀನಾ?" ಅಂದರು. ಅವರಾದರೂ ಎಲ್ಲಿಂದ ಶುರು ಅಂತ ಕೇಳಲಿಲ್ಲ, ಪುಣ್ಯಾತ್ಮ.

ಹೆಂಗಸರ ಚರಿತ್ರೆ ಅಂದ ತಕ್ಷಣ ನಮ್ಮವರಿಗೆ ಒಂದು ಸಾಲು ಬೇಕು. ಮೊದಲ ಕವಯಿತ್ರಿ, ಮೊದಲ ಪತ್ರಕರ್ತೆ, ಮೊದಲ ಪದವೀಧರೆ, ಮೊದಲ ಅದು, ಮೊದಲ ಇದು. ಕ್ವಿಜ್ಜಿಗೆ ಚೆನ್ನಾಗಿರುತ್ತದೆ, ಮಾರ್ಚ್ 8ರ ಬ್ಯಾನರಿಗೂ ಚೆನ್ನಾಗಿರುತ್ತದೆ. ನಂಜನಗೂಡು ತಿರುಮಲಾಂಬ ಕನ್ನಡದ ಮೊದಲ ಮಹಿಳಾ ಪ್ರಕಾಶಕಿ ಅಂತ ಎಲ್ಲ ಕಡೆ ಓದುತ್ತೀರಿ. 1913ರಲ್ಲಿ 'ಸತೀ ಹಿತೈಷಿಣಿ' ಗ್ರಂಥಮಾಲೆ ಶುರು ಮಾಡಿ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದವರು, ಸರಿ. ಹಾಗಾದರೆ ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಓಲೆಗರಿಯಲ್ಲಿ ಬರೆಸಿ ಹಂಚಿದ ಅತ್ತಿಮಬ್ಬೆಯನ್ನು ಏನಂತ ಕರೆಯುತ್ತೀರಿ? ಅದು ಹತ್ತನೇ ಶತಮಾನದ ಮಾತು. ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ ಸಾವಿರ ಪ್ರತಿ ಅಂದರೆ ಎಷ್ಟು ಜನ ಲಿಪಿಕಾರರು, ಎಷ್ಟು ಓಲೆ, ಎಷ್ಟು ದುಡ್ಡು, ಎಷ್ಟು ಹಟ ಬೇಕು ಅಂತ ಸುಮ್ನೆ ಯೋಚನೆ ಮಾಡಿ. ನಮ್ಮಲ್ಲಿ ತಿರುಮಲಾಂಬ ಅವರ ಪುಟದಿಂದ ಅತ್ತಿಮಬ್ಬೆಯ ಪುಟಕ್ಕೆ ಒಂದೇ ಒತ್ತು. ಕಾಲಾನುಕ್ರಮದ ಪುಸ್ತಕದಲ್ಲಾದರೆ ಅವರಿಬ್ಬರ ನಡುವೆ ಒಂಬೈನೂರು ವರ್ಷ, ಐದಾರು ರಾಜವಂಶ, ಒಂದಿಷ್ಟು ಯುದ್ಧ. ಅಷ್ಟರಲ್ಲಿ ಓದುವವರು ಮಲಗಿರುತ್ತಾರೆ, ಅಲ್ವಾ?

ಈಗ ಒಂದು ಕಾಲೇಜಿನ ಕತೆ ಹೇಳಲೇಬೇಕು. ಯಾವ ಕಾಲೇಜು ಅಂತ ಬೇಡ. ತಿಂಗಳು ಮಾರ್ಚ್ ಅಂತ ಹೇಳಬೇಕಾಗಿಲ್ಲ, ಬೇರೆ ತಿಂಗಳಲ್ಲಿ ನಮ್ಮನ್ನು ಯಾರೂ ಕರೆಯುವುದಿಲ್ಲ. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ದೀಪ ಬೆಳಗಿ ಗಿಡಕ್ಕೆ ನೀರು ಹಾಕಿದ್ದೂ ಆಯಿತು, ನನ್ನ ಹೆಸರನ್ನು ತಪ್ಪಾಗಿ ಹೇಳಿ ಪರಿಚಯ ಮಾಡಿದ್ದೂ ಆಯಿತು. ಪ್ರೊಜೆಕ್ಟರ್ ಹಚ್ಚಿ, ದೊಡ್ಡ ಪರದೆಯ ಮೇಲೆ ವಿಳಾಸ ಟೈಪ್ ಮಾಡಿ, ಎಂಟರ್ ಒತ್ತಿದೆ. ಪುಟ ತಾನಾಗಿ ಆರಿಸಿಕೊಂಡು ಬರುತ್ತದೆ ಅಂತ ಹೇಳಿದೆನಲ್ಲ. ಅವತ್ತು ಬಂದದ್ದು, ಆರಡಿ ಅಗಲದ ಅಕ್ಷರದಲ್ಲಿ, "ಸೂಳೆ ಸಂಕವ್ವೆ".

ಹಿಂದಿನ ಬೆಂಚುಗಳಲ್ಲಿ ಕಿಸಕ್ಕನೆ ನಗು. ಪ್ರಿನ್ಸಿಪಾಲರು ಕೆಮ್ಮಿದರು. ವೇದಿಕೆ ಮೇಲಿದ್ದ ಮುಖ್ಯ ಅತಿಥಿಗಳು, ಹಿರಿಯರು, ನಿವೃತ್ತರು, ಮೈಕಿನ ಕಡೆ ಬಾಗಿ ಬಹಳ ಪ್ರೀತಿಯಿಂದ "ಏನೋ ಬೇರೆ ಓಪನ್ ಆಗಿದೆ ಅನ್ಸುತ್ತಮ್ಮ, ಮೊದಲನೇ ಪೇಜಿಂದ ತೋರಿಸು" ಅಂದರು. ಬೇರೆ ಏನೂ ಓಪನ್ ಆಗಿಲ್ಲ ಸರ್, ಇವಳು ಹನ್ನೆರಡನೇ ಶತಮಾನದ ವಚನಕಾರ್ತಿ, ಇವಳ ಒಂದೇ ಒಂದು ವಚನ ಉಳಿದಿದೆ, ಅಂಕಿತ ನಿರ್ಲಜ್ಜೇಶ್ವರ, ಒಬ್ಬನ ಒತ್ತೆ ಹಣ ಹಿಡಿದ ಮೇಲೆ ಇನ್ನೊಬ್ಬನ ಒತ್ತೆ ಹಿಡಿಯುವುದಿಲ್ಲ ಎಂದು ತನ್ನ ಕಸುಬಿನ ಮಾತಿನಲ್ಲೇ ದೇವರ ಮುಂದೆ ನಿಷ್ಠೆ ಹೇಳುತ್ತಾಳೆ ಅಂತ ನಾನು ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಅದೆಲ್ಲ ಸರಿ. ಅಕ್ಕಮಹಾದೇವಿಯಿಂದ ಶುರು ಮಾಡಬಹುದಿತ್ತಲ್ಲ."

ಆಗ ಗೊತ್ತಾಯಿತು ನನಗೆ, ಇವರೆಲ್ಲ ಏನು ಕೇಳುತ್ತಿದ್ದಾರೆ ಅಂತ. ಬಾಗಿಲಲ್ಲಿ ಯಾರನ್ನು ಕೂರಿಸಿದ್ದೀರಿ ಅಂತ ಕೇಳುತ್ತಿದ್ದಾರೆ. ಬಂದವರಿಗೆ ಮೊದಲು ಯಾರ ಮುಖ ಕಾಣಬೇಕು, ಯಾರು ಒಳಗೆ ಅಡುಗೆಮನೆಯ ಹತ್ತಿರ ಇರಬೇಕು. ಅಕ್ಕನ ಬಗ್ಗೆ ನನಗೇನು ತಕರಾರು? ಆದರೆ ಅಕ್ಕನ ಹತ್ತಿರ ಹೋಗಲು ನೂರು ದಾರಿ ಇವೆ. ಶಾಲೆಯ ಪಾಠ ಇದೆ, ಹಾಡಿನ ಕ್ಯಾಸೆಟ್ ಇತ್ತು, ಊರೂರಲ್ಲಿ ಅಕ್ಕನ ಬಳಗ ಇದೆ. ಸಂಕವ್ವೆಯ ಹತ್ತಿರ ಹೋಗಲು? ಸಾಹಿತ್ಯ ಚರಿತ್ರೆಯಲ್ಲಿ ಶರಣೆಯರ ಅಧ್ಯಾಯದ ಕೊನೆಯ ವಾಕ್ಯದಲ್ಲಿ ನಾಲ್ಕು ಹೆಸರಿನ ಜೊತೆ ಸೇರಿ "ಮುಂತಾದವರು" ಎನ್ನುವುದಕ್ಕೆ ಸ್ವಲ್ಪ ಮುಂಚೆ ಅವಳು ಬರುತ್ತಾಳೆ. ಹೆಚ್ಚು ಬರೆದವರಿಗೆ ಹೆಚ್ಚು ಜಾಗ, ಹೆಚ್ಚು ಜಾಗ ಇದ್ದವರ ಕಡೆಗೇ ಹೆಚ್ಚು ಕೊಂಡಿ. ನಮ್ಮಲ್ಲೂ ಹಾಗೇ ಆಗುತ್ತದೆ. ಬರೀ ಕೊಂಡಿ ಹಿಡಿದು ಹೋದರೆ ಎಲ್ಲರೂ ತಿರುಗಿ ತಿರುಗಿ ಆ ಹತ್ತು ಹೆಸರಿಗೇ ಬಂದು ಸೇರುತ್ತಾರೆ. ಅದಕ್ಕೇ ಮೊದಲ ಪುಟವನ್ನು ಚೀಟಿ ಎತ್ತಿದ ಹಾಗೆ ಎತ್ತುವುದು. ಅಲ್ಲಿ ಮಾತ್ರ ಸಂಕವ್ವೆಗೂ ಅತ್ತಿಮಬ್ಬೆಗೂ ಒಂದೇ ಅವಕಾಶ.

ಇದು ನಮ್ಮ ದೊಡ್ಡ ಆವಿಷ್ಕಾರ ಅಂತ ಹೇಳಿಕೊಳ್ಳುತ್ತಿಲ್ಲ. ನಮ್ಮ ನಾಡಿನ ಶಾಸನಗಳನ್ನು ಒಟ್ಟು ಮಾಡಿದ ಬಿ. ಎಲ್. ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ಯಾರಾದರೂ ಮೊದಲ ಪುಟದಿಂದ ಓದಿದ್ದನ್ನು ನೋಡಿದ್ದೀರಾ? 1886ರಿಂದ ಬರಲು ಶುರುವಾದ ಆ ಸಂಪುಟಗಳು ಸೀಮೆ, ತಾಲೂಕು, ನಂಬರು ಹೀಗೆ ಜೋಡಿಸಿದವು. ಬೇಕಾದ ಕಡೆ ತೆರೆಯಬೇಕು, ಅಲ್ಲಿಂದ ಇನ್ನೊಂದು ಕಡೆ ಹೋಗಬೇಕು. ಎಲ್ಲಿಂದ ಶುರು ಅಂತ ಯಾವ ಸಂಶೋಧಕನೂ ರೈಸ್ ಅವರನ್ನು ಕೇಳಿದ ಹಾಗಿಲ್ಲ. ನಾವು ಮೂರು ಜನ ಹೆಂಗಸರು ಅದೇ ಕೆಲಸ ಮಾಡಿದರೆ "ಸ್ವಲ್ಪ ಆರ್ಗನೈಸ್ ಮಾಡ್ಕೋಬೇಕು ಮೇಡಂ". ಇರಲಿ.

ಮೂಲದಲ್ಲೇ ಈ ವಸ್ತು ಸಾಲಾಗಿ ಸಿಗುವುದಿಲ್ಲ ಎನ್ನುವುದನ್ನು ಹೇಗೆ ಹೇಳಲಿ? ಹಳೆಯ ಹೆಗ್ಗಡದೇವನಕೋಟೆ ತಾಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನ ಇದೆ. ದೇಕಬ್ಬೆ ಎಂಬ ಹೆಣ್ಣುಮಗಳು, ಗಂಡ ಸತ್ತ ಸುದ್ದಿ ಬಂದಾಗ, ತಂದೆ ತಾಯಿ ಬೇಡ ಬೇಡ ಅಂದರೂ ಕೇಳದೆ ಬೆಂಕಿಗೆ ಬಿದ್ದಳು ಅಂತ ಪದ್ಯದಲ್ಲಿ ಹೇಳುವ ಶಾಸನ. ಅದನ್ನು ಕಂಪ್ಯೂಟರಿಗೆ ಹಾಕಬೇಕು. ಜಗತ್ತಿನ ಬಹಳಷ್ಟು ಡಿಜಿಟಲ್ ಸಂಗ್ರಹದವರು ಬಳಸುವ ಒಂದು ನಮೂನೆ ಇದೆ, ಡಬ್ಲಿನ್ ಕೋರ್ ಅಂತ. ಹದಿನೈದು ಖಾನೆ. (ಐರ್ಲೆಂಡಿನ ಡಬ್ಲಿನ್ ಅಲ್ಲ, ಅಮೆರಿಕದ ಒಹಾಯೊ ರಾಜ್ಯದಲ್ಲೊಂದು ಡಬ್ಲಿನ್ ಇದೆ, ಅಲ್ಲಿ 1995ರಲ್ಲಿ ಕೂತು ಮಾತಾಡಿ ಶುರು ಮಾಡಿದ್ದು.) ಶೀರ್ಷಿಕೆ, ಕರ್ತೃ, ವಿಷಯ, ಪ್ರಕಾಶಕ, ದಿನಾಂಕ, ಹೀಗೆ. ದೇಕಬ್ಬೆ ಯಾವ ಖಾನೆಗೆ? ಕಲ್ಲು ಅವಳು ನಿಲ್ಲಿಸಿದ್ದಲ್ಲ, ಪದ್ಯ ಅವಳು ಬರೆದದ್ದಲ್ಲ. "ವಿಷಯ" ಎನ್ನುವ ಖಾನೆಗೆ ಹೋಗುತ್ತಾಳೆ. ಸತ್ತವಳು ವಿಷಯ. ಅತ್ತಿಮಬ್ಬೆ? ಶಾಂತಿಪುರಾಣಕ್ಕೆ ಕರ್ತೃ ಪೊನ್ನ. ಸಾವಿರ ಪ್ರತಿ ಬರೆಸಿದವಳಿಗೆ "ಇತರ ಸಹಾಯಕರು" ಎಂಬ ಥರದ ಖಾನೆ. ಆ ಹದಿನೈದು ಖಾನೆಗಳ ಮುಂದೆ ಕೂತು ನನ್ನ ಗೆಳತಿ ಹೇಳಿದ್ದು ಇಲ್ಲಿ ಬರೆಯುವ ಹಾಗಿಲ್ಲ. ಕೊನೆಗೆ ನಮೂನೆಯನ್ನು ಇಟ್ಟುಕೊಂಡೆವು, ಬೇರೆಯವರ ಸಂಗ್ರಹದ ಜೊತೆ ಮಾತಾಡಲು ಬೇಕು ಅಂತ. ಅದರ ಪಕ್ಕದಲ್ಲಿ ನಮ್ಮದೇ ಖಾನೆಗಳು: ಬರೆಸಿದವರು, ಕೊಟ್ಟವರು, ಹಾಡಿದವರು, ಬೇಡ ಅಂದವರು. ಹೌದು, ಬೇಡ ಅಂದವರಿಗೂ ಒಂದು ಖಾನೆ ಬೇಕಾಯಿತು. ದೇಕಬ್ಬೆಯ ತಾಯಿಗೆ ಇನ್ನೆಲ್ಲಿ ಜಾಗ?

ಹೆಸರಿನ ರಗಳೆ ಇನ್ನೊಂದು. ಕೊಡಗಿನ ಗೌರಮ್ಮ, ಹುಟ್ಟಿದ್ದು 1912, ಹೊಳೆಯಲ್ಲಿ ಮುಳುಗಿ ತೀರಿಕೊಂಡದ್ದು 1939. ಇಪ್ಪತ್ತೇಳು ವರ್ಷ ಬದುಕಿ ಕನ್ನಡದ ಒಳ್ಳೆಯ ಕತೆಗಳಲ್ಲಿ ಕೆಲವನ್ನು ಬರೆದು ಹೋದವರು. ಅವರು ಕತೆ ಪ್ರಕಟಿಸುತ್ತಿದ್ದದ್ದು "ಮಿಸೆಸ್ ಬಿ. ಟಿ. ಜಿ. ಕೃಷ್ಣ" ಅಂತ. ಈಗ ನೀವು ಹುಡುಕುವ ಪೆಟ್ಟಿಗೆಯಲ್ಲಿ ಗೌರಮ್ಮ ಅಂತ ಹಾಕಿದರೆ ಅವರ ಕಾಲದ ಪತ್ರಿಕೆಯಲ್ಲಿ ಅವರು ಸಿಗುವುದೇ ಇಲ್ಲ. ಇನ್ನೊಂದು ಕಡೆಯಿಂದ, 1934ರಲ್ಲಿ ಗಾಂಧಿ ಕೊಡಗಿಗೆ ಬಂದ ಸುದ್ದಿಯಲ್ಲಿ, ಹರಿಜನ ನಿಧಿಗೆ ಒಡವೆ ಕೊಟ್ಟ ಗೃಹಿಣಿಯಾಗಿ ಸಿಗುತ್ತಾರೆ. ಒಬ್ಬರೇ ಮನುಷ್ಯರು, ಎರಡು ಬಾಗಿಲು, ಎರಡೂ ಬಾಗಿಲ ಮೇಲೆ ಅವರ ಹೆಸರಿಲ್ಲ. ಆದ್ದರಿಂದ ನಮ್ಮ ಟೇಬಲ್ಲಿನಲ್ಲಿ ಒಬ್ಬ ಮನುಷ್ಯರಿಗೆ ಒಂದು ಸಾಲು ಅಂತ ಇಲ್ಲ. ಒಂದೊಂದು ಹೆಸರಿಗೆ ಒಂದೊಂದು ಸಾಲು, ಯಾವ ಹೆಸರು ಎಲ್ಲಿ ಸಿಕ್ಕಿತು ಅನ್ನುವುದರ ಜೊತೆಗೆ. ಮನುಷ್ಯರು ಆಮೇಲೆ.

ಟೂಲ್ ಯಾವುದು ಅಂತ ಕೇಳುವ ಹುಡುಗರಿಗೆ: ಮೊದಲು ಟ್ವೈನ್‌ನಲ್ಲಿ ಮಾಡಿದೆವು. ಕವಲೊಡೆಯುವ ಕತೆ, ಆಟ ಬರೆಯುವವರಿಗೆ ಅಂತ 2009ರಲ್ಲಿ ಕ್ರಿಸ್ ಕ್ಲೈಮಸ್ ಎಂಬುವವರು ಹೊರತಂದ ಸಾಫ್ಟ್‌ವೇರ್, ಪುಕ್ಕಟೆ ಸಿಗುತ್ತದೆ, ಕೋಡಿಂಗ್ ಬರದವರೂ ಬಳಸಬಹುದು. ಚೌಕ ಮಾಡಿ ಒಳಗೆ ಬರೆಯುವುದು, ಚೌಕದಿಂದ ಚೌಕಕ್ಕೆ ಬಾಣ. ಖುಷಿಯಾಯಿತು. ಆಮೇಲೆ ನೋಡಿದರೆ ಅದಕ್ಕೂ ಇದೇ ಚಟ! ಯಾವುದಾದರೂ ಒಂದು ಚೌಕಕ್ಕೆ ರಾಕೆಟ್ಟಿನ ಗುರುತು ಇರಲೇಬೇಕು, ಕತೆ ಇಲ್ಲಿಂದ ಶುರು ಅಂತ. ಆ ರಾಕೆಟ್ಟನ್ನು ಯಾರ ತಲೆಯ ಮೇಲೆ ಇಡುವುದು ಅಂತ ನಾವು ಮೂವರು ಜಗಳ ಆಡಿದ್ದು ನೆನೆಸಿಕೊಂಡರೆ ಈಗ ನಗು ಬರುತ್ತದೆ. ಒಬ್ಬಳಿಗೆ ಕಿತ್ತೂರು ಚೆನ್ನಮ್ಮ ಬೇಕು, ಅವಳು ಬೈಲಹೊಂಗಲದ ಕಡೆಯವಳು, ಬಿಡುತ್ತಾಳೆಯೇ. ಇನ್ನೊಬ್ಬಳಿಗೆ ಹೆಸರೇ ಇಲ್ಲದ ಮಾಸ್ತಿಕಲ್ಲು, ಅಂದರೆ ಗಂಡ ಸತ್ತಾಗ ಬೆಂಕಿಗೆ ಬಿದ್ದವಳ ನೆನಪಿನ ಕಲ್ಲು, ಬೇಕು. ಕೊನೆಗೆ ಏನೂ ಬರೆಯದ ಖಾಲಿ ಚೌಕವೊಂದಕ್ಕೆ ರಾಕೆಟ್ ಅಂಟಿಸಿ, ಅಲ್ಲಿಂದ ಯಾವುದಾದರೂ ಪುಟಕ್ಕೆ ಹಾರುವ ಹಾಗೆ ಮಾಡಿದೆವು. ಈಗ ಟ್ವೈನ್ ಬಿಟ್ಟಿದ್ದೇವೆ, ಸಾದಾ ಪುಟಗಳು, ಹಿಂದೆ ಒಂದು ಸ್ಪ್ರೆಡ್‌ಶೀಟು. ಯಾವ ಪುಟಕ್ಕೆ ಯಾವ ಪುಟ ಸೇರುತ್ತದೆ ಅಂತ ತೋರಿಸುತ್ತಿದ್ದ ಚುಕ್ಕಿ ಗೆರೆಗಳ ದೊಡ್ಡ ನಕ್ಷೆಯನ್ನೂ ಬಿಟ್ಟಿದ್ದೇವೆ. ಲ್ಯಾಪ್‌ಟಾಪಿನಲ್ಲಿ ಭಾರಿ ಚಂದ, ಫೋನಿನಲ್ಲಿ ಒರೆಸಬೇಕಾದ ಕೊಳೆ. ನಮ್ಮನ್ನು ಓದುವವರೆಲ್ಲ ಫೋನಿನಲ್ಲೇ ಓದುವವರು, ಬಸ್ಸಿನಲ್ಲಿ.

ಸರಿ, "ಇದನ್ನೇ ಪುಸ್ತಕ ಮಾಡಬಹುದಿತ್ತಲ್ಲ?" ಮಾಡಬಹುದಿತ್ತು. ಪುಸ್ತಕ ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಹೆಗಲ ಮೇಲೆ ಕೂತೇ ನಾವು ಈ ಆಟ ಆಡುತ್ತಿರುವುದು. ತಿರುಮಲಾಂಬ ಅವರು 1916ರಲ್ಲಿ 'ಕರ್ನಾಟಕ ನಂದಿನಿ' ಪತ್ರಿಕೆ ತಂದವರು, ಕಾದಂಬರಿ, ನಾಟಕ, ಪತ್ತೇದಾರಿ ಏನೆಲ್ಲ ಬರೆದವರು, ಆಮೇಲೆ ಮೌನವಾಗಿ ಮದರಾಸಿನಲ್ಲಿ ಉಳಿದುಬಿಟ್ಟವರು. ಕನ್ನಡ ಓದುಗರು ಅವರನ್ನು ಮರೆತೇ ಬಿಟ್ಟಿದ್ದರು. ಲೇಖಕಿ ಚಿ. ನ. ಮಂಗಳಾ ಅವರು ಹುಡುಕಿಕೊಂಡು ಹೋಗಿ ಬರೆಯದಿದ್ದರೆ ನನ್ನ ಹತ್ತಿರ ಪುಟ ಮಾಡಲು ಹೆಚ್ಚೇನೂ ಇರುತ್ತಿರಲಿಲ್ಲ. ಆದರೆ ನೋಡಿ, ನಮಗೆ ತಿರುಮಲಾಂಬ ಸಿಕ್ಕಿದ್ದು ಹಿಂದುಮುಂದಾಗಿ. ಮೊದಲು ಮದರಾಸಿನ ಮುದುಕಿ, ಆಮೇಲೆ ಪತ್ರಿಕೆಯ ಸಂಪಾದಕಿ, ಕೊನೆಗೆ ಹತ್ತಕ್ಕೆ ಮದುವೆಯಾಗಿ ಹದಿನಾಲ್ಕಕ್ಕೆ ಗಂಡನನ್ನು ಪ್ಲೇಗಿಗೆ ಕಳೆದುಕೊಂಡ ಹುಡುಗಿ. 1887ರಲ್ಲಿ ಹುಟ್ಟಿದರು ಅಂತ ಶುರು ಮಾಡಿ 1982ರಲ್ಲಿ ತೀರಿಕೊಂಡರು ಅಂತ ಮುಗಿಸಿದರೆ, ಹುಡುಕಾಟ ಪೂರ್ತಿ ಮಾಯ. ಎಲ್ಲವೂ ಯಾವತ್ತೂ ಗೊತ್ತೇ ಇತ್ತು ಎನ್ನುವ ಹಾಗೆ ಕಾಣುತ್ತದೆ. ಹುಡುಕಿದ್ದೂ ಚರಿತ್ರೆಯೇ. ಮಂಗಳಾ ಅವರಿಗೂ ನಮ್ಮಲ್ಲಿ ಒಂದು ಪುಟ ಇದೆ.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಕೇಳುತ್ತೇನೆ. ಎಲ್ಲಿಂದ ಶುರು ಅಂತ ಕೇಳುವ ನೀವು, ಈ ಪುಟಕ್ಕೂ ಆ ಪುಟಕ್ಕೂ ಕೊಂಡಿ ಯಾಕೆ ಹಾಕಿದಿರಿ ಅಂತ ಯಾಕೆ ಕೇಳುವುದಿಲ್ಲ? ಒಬ್ಬರಾದರೂ ಕೇಳಿದರೆ ಕಾಫಿ ಕೊಡಿಸುತ್ತೇನೆ. ಪುಟ ಬರೆಯುವುದು ಸುಲಭದ ಕೆಲಸ. ನಮ್ಮ ರಾತ್ರಿಗಳೆಲ್ಲ ಹೋಗುವುದು ಕೊಂಡಿಗೆ. ಪುಸ್ತಕದಲ್ಲಾದರೆ "ಇತ್ತ" ಅಂತ ಹೊಸ ಪ್ಯಾರಾ ಶುರು ಮಾಡಿ ಯಾವುದನ್ನು ಯಾವುದಕ್ಕಾದರೂ ಅಂಟಿಸಬಹುದು. ಇಲ್ಲಿ ಕೊಂಡಿ ಹಾಕಿದರೆ ನೀವು ಒಂದು ಮಾತು ಕೊಟ್ಟ ಹಾಗೆ, ಇವರಿಗೂ ಅವರಿಗೂ ಸಂಬಂಧ ಇದೆ ಅಂತ.

ನಂಜನಗೂಡನ್ನೇ ತಗೊಳ್ಳಿ. ಬೆಂಗಳೂರು ನಾಗರತ್ನಮ್ಮ ಗೊತ್ತಲ್ಲ? ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಯ ಗುಡಿ ಕಟ್ಟಿಸಿದ ಗಾಯಕಿ. ಹೆಸರಿನಲ್ಲಿ ಬೆಂಗಳೂರು ಇದ್ದರೂ ಹುಟ್ಟಿದ್ದು ನಂಜನಗೂಡಿನಲ್ಲಿ, 1878ರಲ್ಲಿ. ತಿರುಮಲಾಂಬ ಅದೇ ಊರಿನಲ್ಲಿ, ಒಂಬತ್ತು ವರ್ಷದ ನಂತರ. ಒಬ್ಬರ ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಮನೆತನದವರು, ತಂದೆ ವಕೀಲ ಸುಬ್ಬರಾಯರು. ಇನ್ನೊಬ್ಬರದು ಅಯ್ಯಂಗಾರ್ ಮನೆ, ಅಲ್ಲೂ ತಂದೆ ವಕೀಲರು. ನಾಗರತ್ನಮ್ಮ ಹದಿನೆಂಟನೇ ಶತಮಾನದ ತಂಜಾವೂರಿನ ಮುದ್ದುಪಳನಿಯ 'ರಾಧಿಕಾ ಸಾಂತ್ವನಮು' ಎಂಬ ತೆಲುಗು ಕಾವ್ಯವನ್ನು 1910ರಲ್ಲಿ ಮದರಾಸಿನಲ್ಲಿ ಅಚ್ಚು ಮಾಡಿಸಿದರು. ಅಶ್ಲೀಲ ಅಂತ ಗದ್ದಲ ಎದ್ದು ಮರುವರ್ಷ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿತು, ಆ ನಿಷೇಧ ಹೋಗಲು 1947 ಬರಬೇಕಾಯಿತು. ತಿರುಮಲಾಂಬ 1913ರಲ್ಲಿ ಗ್ರಂಥಮಾಲೆ ಶುರು ಮಾಡಿ ಒಳ್ಳೆಯ ಹೆಣ್ಣು ಹೇಗಿರಬೇಕು ಎಂಬುದರ ಸುತ್ತ ಕಾದಂಬರಿಗಳನ್ನು ಬರೆದರು. ಒಂದೇ ಊರು, ಇಬ್ಬರು ವಕೀಲರ ಹೆಣ್ಣುಮಕ್ಕಳು, ಮೂರು ವರ್ಷದ ಅಂತರದಲ್ಲಿ ಇಬ್ಬರೂ ಅಚ್ಚುಮನೆಯ ಬಾಗಿಲಿಗೆ ಹೋದವರು, ಇಬ್ಬರೂ ಕಣ್ಣು ಮುಚ್ಚಿದ್ದು ತಮಿಳು ನೆಲದಲ್ಲಿ. ಇದನ್ನು ನೋಡಿದ ಮೇಲೆ ಕೈ ಸುಮ್ಮನಿರುತ್ತದೆಯೇ?

ಕಿರುಚಿತ್ರ ಮಾಡುವ ಹುಡುಗನೊಬ್ಬ ಫೋನ್ ಮಾಡಿದ. "ಮೇಡಂ, ಇಬ್ರೂ ಕಪಿಲಾ ನದಿ ಮೆಟ್ಟಲ ಮೇಲೆ ಒಟ್ಟಿಗೆ ಆಡ್ತಿದ್ರು ಅಂತ ಇಟ್ಕೊಳ್ಳೋಣ."

"ಇಟ್ಕೊಳ್ಳೋದು ಬೇಡಪ್ಪ."

"ಒಂದೇ ಒಂದು ಸೀನ್ ಮೇಡಂ. ಡ್ರೋನ್ ಶಾಟ್."

ನಾಗರತ್ನಮ್ಮ ಚಿಕ್ಕಂದಿನಲ್ಲೇ ಮೈಸೂರಿಗೆ ಹೋದವರು, ಸಂಸ್ಕೃತ, ಸಂಗೀತ ಕಲಿತದ್ದು ಅಲ್ಲಿ. ತಿರುಮಲಾಂಬ ಮೆಟ್ಟಿಲು ಇಳಿಯುವ ವಯಸ್ಸಿಗೆ ಬಂದಾಗ ಇವರು ಕಚೇರಿ ಮಾಡುವ ವಯಸ್ಸಿನವರು. ಅದೂ ಇರಲಿ, 1890ರ ನಂಜನಗೂಡಿನಲ್ಲಿ ಅಯ್ಯಂಗಾರ್ ಮನೆಯ ಮಗುವನ್ನು ದೇವದಾಸಿಯ ಮಗಳ ಜೊತೆ ಯಾರು ಆಡಲು ಬಿಡುತ್ತಿದ್ದರು? ಆ ಸೀನ್ ಹಾಕಿದರೆ ಜಾತಿಯನ್ನೇ ಡ್ರೋನಿನಿಂದ ಒರೆಸಿದ ಹಾಗೆ. ಹುಡುಗನಿಗೆ ಬೇಜಾರಾಯಿತು. ಆಗಲಿ.

ಹಾಗಂತ ಕೊಂಡಿಯೇ ಬೇಡವೇ? ಬೇಕು. ನಾವು ಮಾಡಿದ್ದು ಇಷ್ಟು: ನಾಗರತ್ನಮ್ಮ ಅವರ ಪುಟದಿಂದ ತಿರುಮಲಾಂಬ ಅವರ ಪುಟಕ್ಕೆ ನೇರವಾಗಿ ಹೋಗಲು ಆಗುವುದಿಲ್ಲ. ನಡುವೆ ನಂಜನಗೂಡಿನ ಪುಟ ಇದೆ, ಅದನ್ನು ಹಾದೇ ಹೋಗಬೇಕು. ಅಲ್ಲಿ ದೇವಸ್ಥಾನ, ಅಗ್ರಹಾರ, ವಕೀಲಿಕೆ, ದೇವದಾಸಿ ಮನೆಗಳು, ಎಲ್ಲ ಒಂದೇ ಊರಿನಲ್ಲಿ ಹೇಗೆ ಬೇರೆ ಬೇರೆಯಾಗಿ ಇದ್ದವು ಅಂತ ಓದಿಕೊಂಡು, ಇಬ್ಬರೂ ಭೇಟಿಯಾದ ದಾಖಲೆ ನಮ್ಮ ಕೈಗೆ ಸಿಕ್ಕಿಲ್ಲ ಎಂಬ ಸಾಲನ್ನೂ ನೋಡಿಕೊಂಡು, ಆಮೇಲೆ ಆ ಕಡೆ ಹೋಗಬಹುದು. ಪ್ರತಿ ಕೊಂಡಿಯ ಪಕ್ಕ ಒಂದು ಮಾತು ಇರುತ್ತದೆ: ದಾಖಲೆ ಇದೆ, ಕೇಳಿದ್ದು, ಅಥವಾ ನಮ್ಮ ಊಹೆ. ಊಹೆ ಅಂತ ಬರೆಯಲು ನಮಗೆ ನಾಚಿಕೆ ಇಲ್ಲ. ಊಹೆ ಮಾಡಿ ಹೇಳದೆ ಇರುವವರಿಗೆ ಇರಬೇಕು.

ಇದರ ಮಧ್ಯೆ ಇನ್ನೊಂದು ಕಂಡಿತು. ಪುಟಗಳನ್ನು ಬರೆದುಕೊಟ್ಟ ಹುಡುಗ ಹುಡುಗಿಯರೆಲ್ಲ ತಿರುಮಲಾಂಬ "ಬರೆದರು" ಅಂತಲೂ ನಾಗರತ್ನಮ್ಮ "ಹಾಡಿದಳು" ಅಂತಲೂ ಹಾಕಿದ್ದರು. ಬೇಕಂತ ಅಲ್ಲ. ಕೈ ತಾನಾಗಿ ಹೋಗಿದೆ. ಈಗ ಇಬ್ಬರಿಗೂ "ಅವರು" ಅಂತಲೇ.

ನಾಗರತ್ನಮ್ಮ ಅವರಿಂದ ಮುದ್ದುಪಳನಿಗೆ ಹೋಗುವ ಕೊಂಡಿ ಮಾತ್ರ ಗಟ್ಟಿ ದಾಖಲೆಯದು, ನನಗೆ ತುಂಬಾ ಇಷ್ಟದ್ದು. ಮುದ್ದುಪಳನಿ ತನ್ನ ಕಾವ್ಯದ ಪೀಠಿಕೆಯಲ್ಲಿ ತನ್ನ ಮನೆತನದ ಹೆಂಗಸರನ್ನು ಹೆಸರು ಹಿಡಿದು ನೆನೆಯುತ್ತಾಳೆ. ಮುಂಚೆ ಬಂದಿದ್ದ ಅಚ್ಚಿನಲ್ಲಿ ಆ ಪೀಠಿಕೆಯನ್ನು ತೆಗೆದುಹಾಕಿದ್ದರು. ನಾಗರತ್ನಮ್ಮ ಹಸ್ತಪ್ರತಿ ಹುಡುಕಿ ತಂದು, ಬಿಟ್ಟುಹೋದದ್ದನ್ನು ತಿರುಗಿ ಸೇರಿಸಿ ಅಚ್ಚು ಹಾಕಿಸಿದರು. ಯಾರೋ ಕತ್ತರಿಸಿದ ಕೊಂಡಿಯನ್ನು, ಕಾವ್ಯ ಬರೆದು ಸುಮಾರು ನೂರೈವತ್ತು ವರ್ಷದ ನಂತರ, ಇನ್ನೊಬ್ಬರು ತಿರುಗಿ ಹಾಕಿದ್ದು. ತೆಲುಗು ಕಾವ್ಯ, ತಂಜಾವೂರಿನ ಕವಿ, ಮದರಾಸಿನ ಅಚ್ಚುಮನೆ, ಮೈಸೂರು ಸೀಮೆಯ ಹೆಂಗಸು. ಯಾವ ಭಾಷೆಯ ಸಾಹಿತ್ಯ ಚರಿತ್ರೆಯ ಯಾವ ಅಧ್ಯಾಯದಲ್ಲಿ ಇದನ್ನು ಇಡುತ್ತೀರಿ? ಹೇಳಿ, ಎಲ್ಲಿಂದ ಶುರು ಮಾಡುತ್ತೀರಿ?

ಹಾಕದೆ ಬಿಟ್ಟ ಕೊಂಡಿಗಳೂ ಇವೆ. ಒಂದು ಮನೆಯವರು ಬಹಳ ಮರ್ಯಾದೆಯಿಂದ ಕೇಳಿಕೊಂಡರು: ನಮ್ಮ ಅಜ್ಜಿಯ ಪುಟ ಇರಲಿ, ಸಂತೋಷ, ಆದರೆ ಅವರ ತಾಯಿಯ ಪುಟಕ್ಕೆ ಕೊಂಡಿ ಬೇಡ. ಯಾಕೆ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಎರಡೂ ಪುಟ ಇವೆ, ನಡುವೆ ಏನೂ ಇಲ್ಲ. "ಇಲ್ಲೊಂದು ಕೊಂಡಿ ತೆಗೆದಿದೆ" ಅಂತ ಆ ಪುಟದಲ್ಲಿ ಬರೆದರೆ ಹಾಕಿದಷ್ಟೇ ಆಯಿತು. ಬರೆಯದಿದ್ದರೆ ನಾವೂ ಆ ಹಳೆಯ ಅಚ್ಚಿನವರ ಸಾಲಿಗೆ ಸೇರಿದೆವು. ಕೊನೆಗೆ ಎಲ್ಲ ಪುಟಗಳ ಅಡಿಯಲ್ಲೂ ಒಂದೇ ಸಾಲು ಹಾಕಿದ್ದೇವೆ: "ಈ ಪುಟದ ಎಲ್ಲ ಸಂಬಂಧಗಳನ್ನೂ ಇಲ್ಲಿ ತೋರಿಸಿಲ್ಲ." ದೇಕಬ್ಬೆಯ ಪುಟದಲ್ಲೂ ಇದೆ, ಅತ್ತಿಮಬ್ಬೆಯ ಪುಟದಲ್ಲೂ ಇದೆ. ಕಾಲೇಜಿನ ಆ ಹಿರಿಯರು ಇದನ್ನು ನೋಡಿ "ಇದು ಅಪೂರ್ಣ ಅಂತ ನೀವೇ ಒಪ್ಪಿಕೊಂಡ ಹಾಗಾಯ್ತಲ್ಲಮ್ಮ" ಅಂದರು. ಹೌದು ಸರ್.

ಒಂದು ಕೆಲಸದ ಮಾತು ಉಳಿದಿದೆ. ನಿಮ್ಮ ಮನೆಯ ಅಟ್ಟದಲ್ಲೋ ಅಜ್ಜಿಯ ಟ್ರಂಕಿನಲ್ಲೋ 'ಕರ್ನಾಟಕ ನಂದಿನಿ'ಯ ಸಂಚಿಕೆಯಾಗಲಿ, ಸತೀ ಹಿತೈಷಿಣಿಯ ಪುಸ್ತಕವಾಗಲಿ ಇದ್ದರೆ ನಮಗೆ ಕೊಡಬೇಡಿ, ನಿಮ್ಮ ಹತ್ತಿರವೇ ಇರಲಿ. ಫೋಟೋ ತೆಗೆದು ಕಳಿಸಿ ಸಾಕು. ಎಲ್ಲರೂ ಒಳಗಿನ ಬರಹದ ಫೋಟೋ ಕಳಿಸುತ್ತಾರೆ. ನಮಗೆ ಅದಕ್ಕಿಂತ ಜಾಸ್ತಿ ಬೇಕಾಗಿರುವುದು ರಟ್ಟು, ರಟ್ಟಿನ ಒಳಬದಿ, ಜಾಹೀರಾತಿನ ಪುಟ, ಮತ್ತು ಮುಖ್ಯವಾಗಿ "ಇದು ಇಂಥವರಿಗೆ ಸೇರಿದ್ದು" ಅಂತ ಯಾರಾದರೂ ಪೆನ್ಸಿಲಿನಲ್ಲಿ ಬರೆದಿದ್ದರೆ ಅದು. ಒಬ್ಬ ಓದುಗಳ ಹೆಸರು ಸಿಕ್ಕರೆ ಊಹೆಯ ಒಂದು ಕೊಂಡಿ ದಾಖಲೆಯಾಗುತ್ತದೆ. ಫ್ಲಾಶ್ ಹಾಕಬೇಡಿ. ಬಿಸಿಲಿಗೂ ಹಿಡಿಯಬೇಡಿ, ಆ ಕಾಲದ ಕಾಗದ ತಡೆಯುವುದಿಲ್ಲ. ಪೂರ್ತಿ ಬಿಡಿಸಿ ಒತ್ತಲು ಹೋದರೆ ಬೆನ್ನು ಬಿಟ್ಟುಕೊಳ್ಳುತ್ತದೆ, ಆದಷ್ಟು ತೆರೆದು ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟು ತೆಗೆಯಿರಿ. ಯಾವ ಪುಟದಿಂದ ತೆಗೆಯಲು ಶುರು ಮಾಡಲಿ ಅಂತ ಮಾತ್ರ ಫೋನ್ ಮಾಡಬೇಡಿ.